ಅಟ್ಟದ ಡಬ್ಬಿ, ಬೀದಿಯ ಗಾಜು

ನನ್ನ ತಂಗಿಯ ಮಗಳು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಈ ಸಲ ರಜೆಗೆ ಸಾಗರಕ್ಕೆ ಬಂದವಳು ನಮ್ಮ ಹಾಲ್‌ನಲ್ಲಿ ಟೀವಿಯ ಪಕ್ಕ ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದನ್ನು ಕೂರಿಸಿದಳು. ನಮ್ಮವರ ಫೋಟೊ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು. ಉಳಿದಿದ್ದ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರೊಳಗೆ ತುಂಬಿದ್ದಾಳೆ. ಬಂಧುಬಳಗದವರು ಎಲ್ಲಿಂದ ಬೇಕಾದರೂ ಫೋನಿನಲ್ಲಿ ನೋಡಬಹುದಂತೆ. ಅದಕ್ಕೆ ಇನ್ನೊಂದು ಏರ್ಪಾಟು ಆಗಬೇಕು, ರಿವರ್ಸ್ ಪ್ರಾಕ್ಸಿ ಅಂತ, ಅಂದಳು.

“ಹಾಗಂದ್ರೆ?”

“ಫೋಟೊ ಇರೋದು ಇಲ್ಲಿ, ದೊಡ್ಡಮ್ಮ. ಆದ್ರೆ ಹೊರಗಿನವರು ಸೀದಾ ಇಲ್ಲಿಗೆ ಬರೋ ಹಾಗಿಲ್ಲ. ಬೇರೆ ಕಡೆ ಒಂದು ಬಾಗಿಲು ಮಾಡಿ, ಅಲ್ಲಿ ಒಬ್ಬರನ್ನ ನಿಲ್ಲಿಸ್ತೀವಿ ಅಂದ್ಕೊಳಿ. ಬೇಕಾದವರು ಅವರನ್ನ ಕೇಳ್ತಾರೆ. ಇವರಿಗೆ ಕೊಡಬಹುದಾ ಅಂತ ನೋಡಿ, ಅವರು ಒಳಗಿಂದ ತಂದು ಕೊಡ್ತಾರೆ. ಮನೆ ಎಲ್ಲಿದೆ, ಪೆಟ್ಟಿಗೆ ಎಲ್ಲಿದೆ, ಹೊರಗಿನವರಿಗೆ ಗೊತ್ತೇ ಆಗಲ್ಲ.”

“ಅದು ನಾನು,” ಅಂದೆ.

“ಏನು ನೀವು?”

“ನಿನ್ನ ರಿವರ್ಸ್ ಪ್ರಾಕ್ಸಿ. ಸೆವೆಂಟೀಸಲ್ಲಿ ಆ ಕೆಲಸ ಮಾಡ್ತಿದ್ದೋಳು ನಾನು. ಸೆಟಪ್ ಮಾಡಿದ್ದು ನಮ್ಮತ್ತೆ.”

ಅವಳು ನಕ್ಕಳು. ಟೈಪ್ ಮಾಡುತ್ತಲೇ ಇನ್ನೊಂದು ವಿಷಯ ಹೇಳಿದಳು. ಜನ ಪದೇ ಪದೇ ಕೇಳುವ ಫೋಟೊಗಳ ಒಂದೊಂದು ಕಾಪಿಯನ್ನು ಆ ಬಾಗಿಲಲ್ಲೇ ಇಟ್ಟುಕೊಳ್ಳುವ ಸೌಲಭ್ಯವೂ ಇದೆಯಂತೆ. ಪ್ರತಿ ಸಲ ಒಳಗೆ ಓಡಬೇಕಾಗಿಲ್ಲ. ಒಳಗಿನದನ್ನು ಅಳಿಸಿದರೂ ಬಾಗಿಲಿನದು ಸ್ವಲ್ಪ ಕಾಲ ಅಲ್ಲೇ ಉಳಿದಿರುತ್ತದಂತೆ.

“ಅದನ್ನ ಆಫ್ ಮಾಡು.”

“ಯಾಕೆ? ಸ್ಲೋ ಆಗುತ್ತೆ.”

“ಆಗಲಿ. ಬಾಗಿಲಲ್ಲಿ ಏನೂ ಇಡಬೇಡ.”

ನನ್ನ ದನಿ ಗಡುಸಾಗಿರಬೇಕು. ಆಫ್ ಮಾಡಿದಳು. ಆಮೇಲೆ ನೆಗೆಟಿವ್‌ಗಳ ಹಳೆಯ ತಗಡಿನ ಡಬ್ಬಿಯಿಂದ ಒಂದು ಬ್ರೌನ್ ಕವರ್ ಎತ್ತಿ ತೋರಿಸಿದಳು. “ಇದೊಂದು ಖಾಲಿ ಇದೆ, ದೊಡ್ಡಮ್ಮ. ಎಲ್ಲಾದ್ರೂ ಬಿದ್ದುಹೋಗಿದೆಯಾ?”

ಬಿದ್ದುಹೋಗಿಲ್ಲ. ಅದು ಎಲ್ಲಿಗೆ ಹೋಯಿತು ಎಂದು ಬಲ್ಲವಳು ಈಗ ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ಬ್ಲೂ ಪಿನಫೋರ್, ಬಿಳಿ ಸಾಕ್ಸ್, ಬೆಳಗಿನ ಅಸೆಂಬ್ಲಿ, ಕೆಟ್ಟ ಹ್ಯಾಂಡ್‌ರೈಟಿಂಗ್‌ಗೆ ಗೆಣ್ಣಿನ ಮೇಲೆ ಸ್ಕೇಲಿನ ಏಟು. ಎಪ್ಪತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಸಾಗರಕ್ಕೆ ಬಂದೆ. ನಮ್ಮವರದು ಬಸ್ ಸ್ಟ್ಯಾಂಡಿನ ಎದುರಿಗೆ ಫೋಟೊ ಸ್ಟುಡಿಯೋ. ಮನೆ ಅಲ್ಲಿಂದ ನಾಲ್ಕಾರು ಓಣಿ ದಾಟಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ಶಾಲೆಗೆ ಹೋದವರಲ್ಲ, ಆದರೆ ಮನೆಯಲ್ಲಿ ಅವರ ಮಾತಿಗೆ ಅಪೀಲ್ ಇರಲಿಲ್ಲ. ನಾನು ಬಂದ ಹೊಸದರಲ್ಲಿ ಶಿವಮೊಗ್ಗ ನೆನಪಾಗಿ ಹಿತ್ತಲಲ್ಲಿ ಕೂತು ಅಳುತ್ತಿದ್ದರೆ ಬಾಗಿಲಿಗೆ ಬಂದು ನಿಂತು ತಮ್ಮ ಮನೆಮಾತಿನಲ್ಲಿ ಕೇಳಿದ್ದರು: “ಎಂತ ಕೂಸೇ, ಇಂಗ್ಲೀಷಲ್ಲಿ ಅಳ್ತ್ಯ, ಕನ್ನಡದಲ್ಲಿ ಅಳ್ತ್ಯ? ನಂಗೆ ಅರ್ಥ ಆಗೋ ಹಂಗೆ ಅಳು.” ಅಳುವಿನ ಮಧ್ಯೆ ನಗು ಬಂತು. ಆವತ್ತಿನಿಂದ ನಮ್ಮಿಬ್ಬರಿಗೆ ಹೇಗೋ ಹೊಂದಿಕೆಯಾಯಿತು.

ಆ ಕಾಲದಲ್ಲಿ ಸ್ಟುಡಿಯೋಗೆ ಬರುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರು ಮದುವೆಗೆ ಬಂದ ಹುಡುಗಿಯರು. ಹೊಸನಗರ, ರಿಪ್ಪನ್‌ಪೇಟೆ, ತಾಳಗುಪ್ಪ, ಎಲ್ಲ ಕಡೆಯಿಂದ ಅಪ್ಪಂದಿರು ಕರೆದುಕೊಂಡು ಬರುತ್ತಿದ್ದರು. ಗಂಡಿನ ಕಡೆಗೆ ಕಳಿಸಲು ಒಂದು ಹಾಫ್ ಸೈಜ್ ಫೋಟೊ. ಸಂಬಂಧ ಕುದುರದಿದ್ದರೆ ಫೋಟೊ ವಾಪಸು ಬರಬೇಕು, ಅದು ರಿವಾಜು. ವಾಪಸು ಬಾರದ ಫೋಟೊದಿಂದ ಆಗುತ್ತಿದ್ದ ರಾದ್ಧಾಂತಗಳು ಹೇಳತೀರದು. ಯಾರದೋ ಪುಸ್ತಕದ ನಡುವೆ ಸಿಕ್ಕಿತು, ಯಾರೋ ಕಾಲೇಜು ಹುಡುಗ ಜೇಬಿನಲ್ಲಿಟ್ಟುಕೊಂಡು ಓಡಾಡಿದ ಎಂದು ಹುಡುಗಿಯ ಹೆಸರು ಕೆಡುತ್ತಿತ್ತು. ಪ್ರಿಂಟಿಗೇ ಇಷ್ಟಾದರೆ ನೆಗೆಟಿವ್? ಸ್ಟುಡಿಯೋದಲ್ಲಿ ನೆಗೆಟಿವ್ ಇದ್ದರೆ ಯಾವ ಪಡ್ಡೆಯಾದರೂ ಒಂದು ಕಾಪಿ ಹೊಡೆಸಿಕೊಂಡು ಹೋಗಬಹುದು.

“ಹೆಣ್ಮಕ್ಕಳ ಫೋಟೊ ಬಜಾರಲ್ಲಿ ಇಡ್ಲಾಗ,” ಎಂದು ಅತ್ತೆ ತೀರ್ಮಾನ ಮಾಡಿದ್ದರು. ಹುಡುಗಿಯರ ನೆಗೆಟಿವ್‌ಗಳೆಲ್ಲ ಮನೆಗೆ ಬರಬೇಕು. ಬಚ್ಚಲೊಲೆಯ ನೆತ್ತಿಗಿದ್ದ ಅಟ್ಟ ಸದಾ ಬೆಚ್ಚಗಿರುತ್ತಿತ್ತು. ನಮ್ಮ ಮಳೆಗಾಲಕ್ಕೆ ಫಿಲ್ಮಿಗೆ ಬೂಸಲು ಹಿಡಿಯುತ್ತದಲ್ಲ, ಅಲ್ಲಿ ಆ ಭಯವಿರಲಿಲ್ಲ. ತಗಡಿನ ಡಬ್ಬಿಯ ತಳದಲ್ಲಿ ತೇವ ಹೀರಲು ಇದ್ದಿಲು, ಮೇಲೆ ಕವರುಗಳು. ಯಾರಾದರೂ ಸ್ಟುಡಿಯೋದಲ್ಲಿ ಕಾಪಿ ಕೇಳಿದರೆ ನಮ್ಮವರು, “ನೋಡಿ ಹೇಳ್ತೇನೆ, ಮಧ್ಯಾಹ್ನದ ಮೇಲೆ ಬನ್ನಿ,” ಅನ್ನುತ್ತಿದ್ದರು. ಊಟಕ್ಕೆ ಬಂದಾಗ ಇಂಥವರು ಕೇಳಿದರು ಎಂದು ಅತ್ತೆಗೆ ಹೇಳಬೇಕು. ಅತ್ತೆ ಮಜ್ಜಿಗೆ ಬಡಿಸುವುದರೊಳಗೆ ಹೂಂ ಅಥವಾ ಊಹೂಂ. ಹೂಂ ಅಂದರೆ ನಾನು ಅಟ್ಟ ಹತ್ತಿ ನೆಗೆಟಿವ್ ತೆಗೆದು, ಕೈಚೀಲದಲ್ಲಿ ಹಾಕಿ, ಮೇಲೆ ಬಸಳೆ ಸೊಪ್ಪು ಮುಚ್ಚಿಕೊಂಡು ಸ್ಟುಡಿಯೋಗೆ ಒಯ್ಯುವುದು. ಪ್ರಿಂಟ್ ಆಗುವವರೆಗೆ ಡಾರ್ಕ್ ರೂಮಿನಲ್ಲೇ ನಿಂತಿದ್ದು ವಾಪಸು ತರುವುದು. ಇನ್ನೂ ಒಂದು ರೂಲ್ ಇತ್ತು. ಹುಡುಗಿಯ ಫೋಟೊಗೆ ಮತ್ತೆ ಕಾಪಿ ಕೇಳಲು ಆ ಮನೆಯ ಹೆಂಗಸೇ ಬರಬೇಕು. ಗಂಡಸರ ಕೈಗೆ ಕೊಡುವಂತಿಲ್ಲ, ಅಪ್ಪನಾದರೂ ಸರಿ.

ನೆಗೆಟಿವ್ ಎಲ್ಲಿದೆ ಎಂಬುದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ಟುಡಿಯೋದ ಕಬ್ಬಿಣದ ಬೀರುವಿನಲ್ಲಿದೆ ಎಂದೇ ಎಲ್ಲರೂ ತಿಳಿದಿದ್ದರು. ಅದರಲ್ಲಿದ್ದದ್ದು ನಮ್ಮವರ ಛತ್ರಿ ಮತ್ತು ಹಳೆಯ ಕ್ಯಾಲೆಂಡರುಗಳು.

ಆ ಖಾಲಿ ಕವರಿನ ಹುಡುಗಿ ಹೊಸನಗರದ ಆಚೆಯ ಹಳ್ಳಿಯವಳು. ಮೊದಲ ಸಲ ಅವಳು ಬಂದಾಗ ನಾನು ಸ್ಟುಡಿಯೋದ ಮೇಕಪ್ ರೂಮಿನಲ್ಲಿದ್ದೆ. ರೂಮು ಅಂದರೆ ಹಲಗೆಯ ಮರೆ ಅಷ್ಟೆ. ಒಂದು ಕನ್ನಡಿ, ಪೌಡರ್ ಡಬ್ಬಿ, ಎಲ್ಲರೂ ಬಳಸುವ ಒಂದು ಬಾಚಣಿಗೆ. ಹುಡುಗಿ ಓದಿದವಳಂತೆ ಕಾಣಲಿ ಎಂದು ಕೈಗೊಂದು ಪುಸ್ತಕ ಕೊಡುವುದು ಪದ್ಧತಿ. ಇವಳಿಗೂ ಕೊಟ್ಟೆ. ಆದರೆ ಮಣಿಕಟ್ಟು ಬರಿದಾಗಿತ್ತು, ಬಳೆಯೂ ಎರಡೇ. ನನ್ನ ಕೈಯಲ್ಲಿದ್ದ ವಾಚನ್ನು ಬಿಚ್ಚಿ ಕಟ್ಟಿದೆ. ಅದು ನನ್ನ ಅಪ್ಪನ ವಾಚು, ಗಂಡಸರ ದೊಡ್ಡ ಡಯಲ್, ಅಗಲವಾದ ಪಟ್ಟಿ. ಅವಳ ಸಪೂರ ಮಣಿಕಟ್ಟಿನಲ್ಲಿ ಜಾರಿ ಜಾರಿ ಬೀಳುತ್ತಿತ್ತು.

“ಇದು ಓಡ್ತಾ ಇಲ್ಲ ಅಕ್ಕಾ,” ಅಂದಳು ಕಿವಿಗಿಟ್ಟುಕೊಂಡು.

“ಫೋಟೊದಲ್ಲಿ ಯಾವ ವಾಚೂ ಓಡಲ್ಲ.”

ಅವಳು ನಕ್ಕಳು. ಆ ನಗು ಮುಖದಿಂದ ಪೂರ್ತಿ ಆರುವ ಮೊದಲೇ ನಮ್ಮವರು ಕ್ಲಿಕ್ ಮಾಡಿದರು. ಸುಮ್ಮನೆ ಹೇಳುತ್ತಿಲ್ಲ, ಅದು ಅವರ ಬೆಸ್ಟ್ ಪೋರ್ಟ್ರೇಟ್.

ತೀರ್ಥಹಳ್ಳಿ ಕಡೆಯ ಜಮೀನುದಾರರ ಮನೆಗೆ ಸಂಬಂಧವಾಯಿತು. ಅನುಕೂಲಸ್ಥರು, ದೊಡ್ಡ ಹೆಸರು. ಮದುವೆ ಕಳೆದ ಮೇಲೆ ಯಾವುದೋ ಕೆಲಸಕ್ಕೆ ಸಾಗರಕ್ಕೆ ಬಂದಿದ್ದ ಹುಡುಗಿಯ ಅಪ್ಪನನ್ನು ನಮ್ಮವರು ಕೇಳಿದರು, ಆ ಫೋಟೊ ಎನ್‌ಲಾರ್ಜ್ ಮಾಡಿ ಶೋಕೇಸಿನಲ್ಲಿ ಇಡಬಹುದೇ ಎಂದು. ಮದುವೆಯಾಗದ ಹುಡುಗಿಯ ಫೋಟೊ ಶೋಕೇಸಿಗೆ ಯಾವತ್ತೂ ಇಲ್ಲ, ಅದೂ ಅತ್ತೆಯ ರೂಲೇ. ಮದುವೆಯಾದವರದ್ದಕ್ಕೆ ಅಡ್ಡಿಯಿಲ್ಲ. “ತಾಳಿ ಬಿದ್ಮೇಲೆ ಎಂತ ಗುಟ್ಟು ಇದ್ದು?” ಅನ್ನುತ್ತಿದ್ದರು. ಅಪ್ಪನೂ ಹೆಮ್ಮೆಯಿಂದ, “ಹಾಕ್ಕೊಳಿ ಹಾಕ್ಕೊಳಿ, ಇನ್ನೆಂತ,” ಅಂದು ಹೋದ. ಹಾಗೆ ಬಸ್ ಸ್ಟ್ಯಾಂಡಿಗೆ ಮುಖ ಮಾಡಿದ್ದ ಗಾಜಿನ ಪೆಟ್ಟಿಗೆಯಲ್ಲಿ, ದಿಂಬಿನ ಮೇಲೆ ಕವುಚಿ ಮಲಗಿದ ಕೂಸು ಮತ್ತು ಹೈಸ್ಕೂಲಿನ ವಾಲಿಬಾಲ್ ಟೀಮಿನ ನಡುವೆ ಅವಳು ಬಂದು ಕೂತಳು. ಬಿಸಿಲಿಗೆ ಸ್ವಲ್ಪ ಸ್ವಲ್ಪವಾಗಿ ಮಾಸುತ್ತ ಹೋದಳು. ದಿನಾ ಕಾಣುವುದು ದಿನ ಕಳೆದಂತೆ ಕಾಣದಂತಾಗುತ್ತದೆ. ನಮಗೂ ಹಾಗೇ ಆಯಿತು.

ಕೆಲವು ವರ್ಷ ಕಳೆದು ಅವಳು ಹಿಂದಿನ ಓಣಿಯಿಂದ ಒಬ್ಬಳೇ ಬಂದಳು. ನಮ್ಮವರು ಊಟಕ್ಕೆ ಬಂದಾಗ ಹೇಳಿದರು: “ಹೊಸನಗರದ ಆ ಕೂಸು ಬೈಂದು. ಸಣ್ಣ ಫೋಟೊ ಬೇಕಡ. ಮೇಕಪ್ ರೂಮಲ್ಲಿ ಕೂತಿದ್ದು.”

“ಸಂಗ್ತಿಗೆ ಯಾರಿದ್ದ?”

“ಯಾರೂ ಇಲ್ಲೆ.”

ಅತ್ತೆ ನನ್ನ ಕಡೆ ತಿರುಗಿದರು. “ನೀನೇ ಹೋಗು. ಮುಖ ನೋಡಡ, ಮುಖ ಸುಳ್ಳು ಹೇಳ್ತು. ಕೈ ನೋಡ್ಕಂಡು ಬಾ.”

ಕೈ ನೋಡಿದೆ. ಹಿಂದೆ ಪುಸ್ತಕ ಹಿಡಿದಿದ್ದ ಕೈಯಲ್ಲಿ ಎರಡು ಬೆರಳು ಮುರಿದು, ಸೊಟ್ಟಗೆ ಕೂಡಿಕೊಂಡಿದ್ದವು. ನಾನು ಕೇಳಲಿಲ್ಲ. ಅವಳೇ ಹೇಳಿದಳು, ಯಾರ ಬಗ್ಗೆಯೋ ಹೇಳುವಂತೆ. “ಬಾಗ್ಲ ಸಂದಿಗೆ ಇಟ್ಟು ಬಾಗ್ಲು ಹಾಕಿದ್ರು ಅಕ್ಕ. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ. ತಾನೇ ಕೂಡ್ಕೊಳ್ತು.” ಎಲ್ಲಿಗಾದರೂ ಹೋಗುತ್ತೇನೆ, ಹಾಸ್ಟೆಲ್ಲೋ ಹೊಲಿಗೆ ಶಾಲೆಯೋ, ಅಲ್ಲಿಗೆ ಫೋಟೊ ಬೇಕಾಗುತ್ತದಂತೆ ಅಂದಳು. ಎಲ್ಲಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ನನಗೆ ಇಂಗ್ಲಿಷ್ ಕಲಿಸಿದ್ದ ಸಿಸ್ಟರ್ ಒಬ್ಬರು ಆಗ ಘಟ್ಟದ ಕೆಳಗೆ, ಕರಾವಳಿಯ ಒಂದು ಸಣ್ಣ ಊರಿನಲ್ಲಿ, ಹೆಂಗಸರಿಗೆ ಹೊಲಿಗೆ ಕಲಿಸುವ ಮನೆಯೊಂದನ್ನು ನೋಡಿಕೊಳ್ಳುತ್ತಿದ್ದರು. ಅವರಿಗೆ ನನ್ನ ಬೆಸ್ಟ್ ಹ್ಯಾಂಡ್‌ರೈಟಿಂಗಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟೆ. ಅಲ್ಲಿಗೆ ಫೋಟೊ ಬೇಕಿರಲಿಲ್ಲ. ಅತ್ತೆ ಒಂದು ಡಬ್ಬಿಯಲ್ಲಿ ಅವಲಕ್ಕಿ ಕಟ್ಟಿ ಕಳಿಸಿದರು. ಹುಲಿಕಲ್ ಘಾಟಿಯ ಮೇಲೆ ಹೋಗುವ ಬಸ್ಸಿಗೆ ಅವಳನ್ನು ಹತ್ತಿಸಿದ್ದು ನಮ್ಮವರು.

ಹತ್ತುವ ಮೊದಲು ಅವಳು ನಮ್ಮವರಿಗೆ ಒಂದು ಮಾತು ಹೇಳಿದ್ದಳು. ಗಂಡನ ಮನೆಯಲ್ಲಿದ್ದ ತನ್ನ ಫೋಟೊವನ್ನು ಹೊರಡುವ ದಿನ ಬಚ್ಚಲೊಲೆಗೆ ಹಾಕಿ ಬಂದಿದ್ದಾಳೆ. ಮದುವೆಯ ಫೋಟೊದಲ್ಲಿ ಬಾಸಿಂಗ ಕಟ್ಟಿಕೊಂಡು ತಲೆ ಬಗ್ಗಿಸಿದ್ದಾಳೆ, ಗುರುತು ಸಿಗುವುದಿಲ್ಲ. ತೌರಿನಲ್ಲಿದ್ದ ಇನ್ನೊಂದು ಪ್ರತಿಯನ್ನು ಅವಳ ಅಮ್ಮನೇ ಸುಟ್ಟಿದ್ದಾಳೆ. “ಇನ್ನು ನನ್ನ ಮುಖ ಇರೋದು ನಿಮ್ಮತ್ರ ಮಾತ್ರ ಅಣ್ಣ. ಯಾರು ಕೇಳಿದ್ರೂ ಕೊಡ್ಬೇಡಿ.”

“ಕೊಡಲ್ಲ,” ಅಂದಿದ್ದರು ನಮ್ಮವರು.

ಅವಳ ಗಂಡ ಬಂದ. ನೋಡಲು ಕೆಟ್ಟವನೇನಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೃದುವಾದ ಮಾತು. ಹೆಂಡತಿಗೆ ತಲೆ ಸರಿಯಿಲ್ಲ, ಎಲ್ಲೋ ಹೊರಟುಹೋಗಿದ್ದಾಳೆ, ಹುಡುಕಿಸಲು ಫೋಟೊ ಬೇಕು ಅಂದ. ಆವತ್ತು ನಾನು ಹಲಗೆಯ ಮರೆಯಲ್ಲೇ ಇದ್ದೆ.

“ನಮ್ಮಲ್ಲಿ ಒಂದು ಪದ್ಧತಿ ಇದೆ,” ಅಂದರು ನಮ್ಮವರು. “ಹೆಣ್ಮಕ್ಕಳ ಫೋಟೊಗೆ ಹೆಣ್ಮಕ್ಕಳೇ ಬರಬೇಕು.”

“ಎಂತ ಮಾರಾಯ್ರೆ ತಮಾಷೆ! ನನ್ ಹೆಂಡ್ತಿ ಫೋಟೊ ನಂಗೆ ಕೊಡಕ್ಕೆ ನಿಮ್ಮನೆ ಪದ್ಧತಿ ಕೇಳ್ಬೇಕಾ?”

“ಫೋಟೊ ತೆಗೆಸಿದ್ದು ನೀವಲ್ಲವಲ್ಲ.”

“ಸರಿ. ತೆಗೆಸಿದೋರನ್ನೇ ಕರ್ಕೊಂಡ್ ಬರ್ತೀನಿ.”

ಮುಂದಿನ ವಾರ ಹುಡುಗಿಯ ಅಪ್ಪನನ್ನೇ ಕರೆತಂದ. ಅಪ್ಪ ಅಳಿಯನ ಪಕ್ಷ. ಮಗಳು ಮನೆಯ ಮಾನ ಕಳೆದಳು ಅನ್ನುವುದೊಂದೇ ಅವನ ಮಾತು. ನಮ್ಮವರು ಊಟಕ್ಕೆ ಬಂದು ಹೇಳಿದರೆ ಅತ್ತೆ ಸೌಟು ಕೆಳಗಿಡಲೂ ಇಲ್ಲ.

“ಅಪ್ಪ ಗಂಡಸಲ್ದ? ಕೂಸಿನ ಅಬ್ಬೆ ಬರ್ಲಿ ಹೇಳು.”

“ಅಬ್ಬೆ ಬಂದು ಕೇಳಿದ್ರೆ?”

“ಅಬ್ಬೆ ಕೇಳ್ತಿಲ್ಲೆ.”

ಅಮ್ಮ ಬಂದಳು. ಗಂಡ, ಅಳಿಯ ಇಬ್ಬರೂ ಹಲಗೆಯ ಮರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವಳೊಬ್ಬಳನ್ನೇ ನಾನು ಮರೆಯ ಒಳಗೆ ಕರೆದೆ. ಬಿಸಿಲಿಗೆ ಸುಟ್ಟ ಮುಖ, ಕೈತುಂಬ ಹಸಿರು ಬಳೆ. ಸ್ಟೂಲಿನ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತಳು. ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು.

“ಅವ್ರು ಕೇಳು ಅಂತ ಕಳ್ಸಿದಾರೆ. ನಾ ಕೇಳಲ್ಲ. ಇಲ್ಲ, ಕಳ್ದೋಗಿದೆ ಅಂತ ಹೇಳ್ಬಿಡಿ ಅಮ್ಮಾ.”

“ಹಾಗೇ ಹೇಳ್ತೇನೆ.”

ಎದ್ದವಳು ಮತ್ತೆ ಕೂತಳು. “ಇದೆಯಾ?”

“ಇದೆ.”

“ಒಂದ್ಸಲ ತೋರ್ಸ್ತೀರಾ? ಕೈಗೆ ಕೊಡದು ಬ್ಯಾಡ. ಮನೇಲಿ ಇಟ್ಕೊಂಡ್ರೆ ಅವ್ರ ಕೈಗೆ ಸಿಕ್ತದೆ. ಇಲ್ಲೇ ನೋಡ್ಕೊಂಡ್ ಹೋಗ್ತೀನಿ. ನಂಗೆ ಮುಖ ಮರ್ತೋಗ್ತಾ ಇದೆ ಕಣಮ್ಮ. ನಿದ್ದೇಲಿ ಬರ್ತಾಳೆ, ಮುಖ ಇರಲ್ಲ.”

ಆವತ್ತು ಸಾಧ್ಯವಾಗಲಿಲ್ಲ. ನೆಗೆಟಿವ್ ಕಳೆದುಹೋಗಿದೆ ಎಂದು ಹೊರಗಿನವರಿಗೆ ಹೇಳಿದ್ದಾಯಿತು. ಅವನು ನಕ್ಕ. “ಇಷ್ಟು ದೊಡ್ಡ ಬೀರು ಇಟ್ಕೊಂಡು ಕಳ್ಕೊಂಡ್ರಾ?” ಅಂದು ಆ ಬೀರುವನ್ನೇ ನೋಡಿದ. ನಮ್ಮ ಏರ್ಪಾಟು ಎಷ್ಟು ಚೆನ್ನಾಗಿದೆ ಎಂದು ಆ ಕ್ಷಣ ನನಗೆ ಒಳಗೊಳಗೇ ಖುಷಿಯಾಗಿದ್ದು ಈಗಲೂ ನೆನಪಿದೆ.

ಅದಾದ ಮೇಲೆ ಅವಳು ಸಂತೆಯ ನೆಪ ಹೇಳಿಕೊಂಡು ಆಗಾಗ ಬರತೊಡಗಿದಳು. ನಮ್ಮವರು ಮನೆಗೆ ಬಂದು “ಅಬ್ಬೆ ಬೈಂದು” ಅಂದರೆ ಸಾಕು, ಅತ್ತೆಯೇ ಅಟ್ಟದ ಕಡೆ ಕಣ್ಣು ಮಾಡುತ್ತಿದ್ದರು. ಅವಳಿಗಾಗಿ ಒಂದು ಪ್ರಿಂಟ್ ಮಾಡಿ ಅದೇ ಕವರಿನಲ್ಲಿ ಇಟ್ಟಿದ್ದೆವು. ಬಸಳೆ ಸೊಪ್ಪಿನ ಕೆಳಗೆ ಅದನ್ನು ಒಯ್ಯುತ್ತಿದ್ದೆ. ಅವಳು ನೆಲದ ಮೇಲೆ ಕೂತು, ಕೈ ಸೆರಗಿಗೆ ಒರೆಸಿಕೊಂಡು, ಫೋಟೊದ ಅಂಚು ಮಾತ್ರ ಹಿಡಿಯುತ್ತಿದ್ದಳು. ಒಮ್ಮೆ ಮಾತ್ರ ಕೇಳಿದಳು, “ಈ ಗಡಿಯಾರ ಯಾರ್ದಮ್ಮ? ನಮ್ದಲ್ಲ.” ನನ್ನದೇ ಅಂದೆ. “ಚೆನ್ನಾಗ್ ಕಾಣ್ತದೆ,” ಅಂದಳು. ನೋಡಿ ಮುಗಿದ ಮೇಲೆ ತಾನೇ ಕವರಿಗೆ ಹಾಕಿ ಕೊಡುತ್ತಿದ್ದಳು. ಹೋಗುವಾಗ, “ಸೌಖ್ಯವಾಗಿದಾಳಾ?” ಅಷ್ಟೇ. ಎಲ್ಲಿದ್ದಾಳೆ ಎಂದು ಒಂದು ಸಲವೂ ಕೇಳಲಿಲ್ಲ. ತನಗೆ ಗೊತ್ತಿದ್ದರೆ ಒಂದು ದಿನ ಹೊಡೆತಕ್ಕೆ ಬಾಯಿಬಿಟ್ಟೇನು ಎಂಬ ಹೆದರಿಕೆ ಅವಳದು. ಇವೆಲ್ಲದರ ನಡುವೆ ಅವಳು ಬಸ್ಸಿಳಿದು ಸ್ಟುಡಿಯೋಗೆ ಬರುತ್ತಿದ್ದದ್ದು ಹಿಂದಿನ ಓಣಿಯಿಂದ, ಯಾರೂ ನೋಡದಿರಲಿ ಎಂದು. ಆ ಮೊದಲ ದಿನ ಗಂಡನ ಹಿಂದೆ ತಲೆ ತಗ್ಗಿಸಿಕೊಂಡು ಬಂದದ್ದು ಬಿಟ್ಟರೆ, ಮುಂದಿನ ಗಾಜಿನ ಕಡೆಗೆ ಅವಳು ಬಂದೇ ಇರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮವರು ಹೇಳಿದರು. “ತೀರ್ಥಳ್ಳಿಯಂವ ಇವತ್ತು ಕಂಡಿದ್ದ. ಬಸ್ಸಿಂದ ಇಳದು ಶೋಕೇಸ್ ಮುಂದೆ ನಿಂತಿದ್ದ. ಒಳಗೆ ಬಂಜನಿಲ್ಲೆ. ತಲೆ ಬಾಚ್ಕಂಡು ಹೋದ.”

ಬಸ್ಸಿಳಿದವರು ನಮ್ಮ ಶೋಕೇಸಿನ ಗಾಜಿನಲ್ಲಿ ತಲೆ ಬಾಚಿಕೊಳ್ಳುವುದು ಸಾಮಾನ್ಯ. ಬೀಡಾ ಜಗಿದ ಹಲ್ಲು ನೋಡಿಕೊಳ್ಳುವವರೂ ಇದ್ದರು. ನಾವ್ಯಾರೂ ಆ ಮಾತಿಗೆ ತಲೆ ಎತ್ತಲಿಲ್ಲ.

ಪೇಪರಿನಲ್ಲಿ ಬಂದದ್ದು ಆಮೇಲೆ. ಬೆಳಿಗ್ಗೆ ಕಾಫಿ ಕುಡಿಯುತ್ತ ನಾನೇ ನೋಡಿದೆ. ಒಳಪುಟದ ಮೂಲೆ, ‘ಕಾಣೆಯಾಗಿದ್ದಾರೆ’. ಮಾನಸಿಕ ಅಸ್ವಸ್ಥೆ, ಕಂಡವರು ತಿಳಿಸಬೇಕು. ಮೇಲೆ ಫೋಟೊ. ಮುಖಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ವಾಚು, ಸಪೂರ ಕೈಯಲ್ಲಿ ದೊಡ್ಡ ಡಯಲ್. ಅದೇ ವಾಚು ಆಗಲೂ ನನ್ನ ಕೈಯಲ್ಲಿತ್ತು.

ಅತ್ತೆಗೆ ತೋರಿಸಿದೆ. ಅವರು ಆ ವಯಸ್ಸಿನಲ್ಲಿ ತಾವೇ ಏಣಿ ಹತ್ತಿ ಅಟ್ಟಕ್ಕೆ ಹೋದರು. ಡಬ್ಬಿ ಇಳಿಸಿದರು. ಕವರ್ ತೆಗೆದರು. ನೆಗೆಟಿವ್ ಇತ್ತು, ಪ್ರಿಂಟೂ ಇತ್ತು.

“ಯಾರು ಕೊಟ್ಟಿದ್ದು?” ನನ್ನನ್ನು ನೋಡಿದರು, ಮಗನನ್ನು ನೋಡಿದರು. ಆ ನೋಟವನ್ನು ನಾನು ಬದುಕಿರುವವರೆಗೆ ಮರೆಯಲಾರೆ. “ಇದು ಇಲ್ಲೇ ಇದ್ದು. ಹಂಗಾರೆ ಅದು ಎಲ್ಲಿಂದ ಬಂತು?”

ನಮ್ಮವರು ಪೇಪರನ್ನು ಕಿಟಕಿಯ ಬೆಳಕಿಗೆ ಒಯ್ದು, ರೀಟಚಿಂಗ್ ಮಾಡುವ ಭೂತಗನ್ನಡಿಯಿಂದ ನೋಡಿದರು. ಹುಡುಗಿಯ ಭುಜದಿಂದ ಕಿವಿಯ ತನಕ ಒಂದು ಬಿಳಿಚು ಪಟ್ಟಿ ಹಾದುಹೋಗಿತ್ತು. ಅದರಲ್ಲಿ ಸಾಲಾಗಿ ಚೌಕ ಚೌಕ.

“ಬಸ್ಸಿನ ಕಿಟಕಿ,” ಅಂದರು. “ರಿಫ್ಲೆಕ್ಷನ್. ಗಾಜಿನ ಮೇಲಿಂದ ತೆಗ್ದಿದ್ದು.”

ಮೂರು ಸಲ ಅದನ್ನು ದಾಟಿ ಒಳಗೆ ಬಂದಿದ್ದವನ ಕಣ್ಣಿಗೆ ನಾಲ್ಕನೆಯ ಸಲ ಅದು ಬಿದ್ದಿತ್ತು. ಯಾರ ಅನುಮತಿಯೂ ಬೇಕಿರಲಿಲ್ಲ. ರಸ್ತೆಯಲ್ಲಿ ನಿಂತು, ಹಾಡುಹಗಲಲ್ಲಿ, ಒಂದು ಸಾಧಾರಣ ಕ್ಯಾಮೆರಾದಿಂದ ಫೋಟೊದ ಫೋಟೊ ತೆಗೆದುಕೊಂಡು ಹೋಗಿದ್ದ. ನಾವು ಬಸಳೆ ಸೊಪ್ಪಿನ ಅಡಿಯಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದ ಮುಖ, ಬಸ್ ಸ್ಟ್ಯಾಂಡಿನ ಎದುರು, ಹತ್ತು ಮಾರು ದೂರಕ್ಕೂ ಕಾಣುವ ಸೈಜಿನಲ್ಲಿ, ವರ್ಷಗಟ್ಟಲೆ ಕೂತಿತ್ತು.

ನಮ್ಮವರು ಚಪ್ಪಲಿಯನ್ನೂ ಮೆಟ್ಟದೆ ಸ್ಟುಡಿಯೋಗೆ ಹೋದರು. ಆ ಫೋಟೊವನ್ನು ಕೆಳಗಿಳಿಸಿ ಚೂರು ಮಾಡಿದರು. ಶೋಕೇಸಿನ ನೀಲಿ ಬಟ್ಟೆಯ ಮೇಲೆ ಅದಿದ್ದ ಜಾಗದಲ್ಲಿ ಮಾತ್ರ ಬಣ್ಣ ಮಾಸಿರಲಿಲ್ಲ. ಹೊಸ ಬಟ್ಟೆ ಹಾಕುವವರೆಗೂ ಆ ಗಾಢ ನೀಲಿ ಚೌಕ ಹಾಗೇ ಕಾಣುತ್ತಿತ್ತು.

ಅತ್ತೆ ಇಡೀ ದಿನ ಒಲೆಯ ಮುಂದೆ ಕೂತಿದ್ದರು. ಕೊನೆಗೆ ಅಂದರು: “ನಾವು ಬೇಲಿ ಹಾಕಿದ್ದು ಊರವಕ್ಕೆ. ಗಂಡಂಗೆ ಹಾಕವು ಹೇಳಿ ಯಾರಿಗೂ ಹೊಳದ್ದಿಲ್ಲೆ.”

ಆ ಸಿಸ್ಟರ್ ಇದ್ದ ಮನೆಗೆ ಫೋನ್ ಇರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ನಾನೇ ಹೊರಟೆ. ಹುಲಿಕಲ್ಲಿನಲ್ಲಿ, ಘಟ್ಟ ಇಳಿಯುವ ಮೊದಲು, ಬಸ್ಸು ನಿಂತಿತು. ಡ್ರೈವರ್ ಚಹಾ ಕುಡಿಯುವುದು, ಟೈರಿಗೆ ಕಾಲಿನಿಂದ ಒದ್ದು ನೋಡುವುದು ವಾಡಿಕೆ. ಮಂಜು ಕವಿದಿತ್ತು. ಕೆಳಗಿನಿಂದ ಜೀಪೊಂದು ಮೊರೆಯುತ್ತ ಹತ್ತಿ ಬಂತು. ತಿರುವಿನಲ್ಲಿ ನಿಂತಿದ್ದ ನಮ್ಮ ಬಸ್ಸಿನ ಪಕ್ಕ ಅದು ನಿಧಾನವಾಯಿತು. ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರ ನಡುವೆ ಅವಳು ಕೂತಿದ್ದಳು. ಬಿಳಿ ಸೀರೆಯ ಮೇಲೆ ದಾರದ ತುಣುಕುಗಳು ಅಂಟಿಕೊಂಡಿದ್ದವು, ಹೊಲಿಗೆಯ ನಡುವಿನಿಂದಲೇ ಎಬ್ಬಿಸಿ ತಂದಂತೆ. ನಾನು ಕಿಟಕಿಯ ಸರಳಿಗೆ ಮುಖ ಒತ್ತಿ ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ, ಇಂಗ್ಲಿಷೋ ಕನ್ನಡವೋ ಅದೂ ಗೊತ್ತಿಲ್ಲ. ಅವಳು ಬಸ್ಸಿನ ಕಡೆ ನೋಡಿದಳು. ನನ್ನನ್ನು ಕಂಡಳೋ ಇಲ್ಲವೋ. ಜೀಪು ಮಂಜಿನೊಳಗೆ ಹೋಯಿತು.

ಸಿಸ್ಟರ್ ನನ್ನನ್ನು ನೋಡಿ ಅತ್ತರು. ದಾರ ಮಾರುವ ಅಂಗಡಿಯವನು ಪೇಪರ್ ನೋಡಿ ಗುರುತು ಹಿಡಿದಿದ್ದನಂತೆ. ಪುಣ್ಯದ ಕೆಲಸ ಎಂದುಕೊಂಡೇ ಆ ದಿನವೇ ಟ್ರಂಕ್ ಕಾಲ್ ಮಾಡಿ ತಿಳಿಸಿದ್ದನಂತೆ. “ಹಿ ಈಸ್ ದ ಹಸ್ಬೆಂಡ್, ಮೈ ಚೈಲ್ಡ್. ವಾಟ್ ಕುಡ್ ಐ ಡೂ?” ಅಂದರು. ಅವಳು ಅರ್ಧ ಹೊಲಿದಿದ್ದ ಮಗುವಿನ ಅಂಗಿಯೊಂದು ಮೆಷಿನ್ನಿನ ಸೂಜಿಗೆ ಸಿಕ್ಕಿಕೊಂಡು ಹಾಗೇ ಇತ್ತು.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಮುಂದಿನ ಬೇಸಗೆಗೆ ಸುದ್ದಿ ಬಂತು. ಬಟ್ಟೆ ಒಗೆಯಲು ತುಂಗೆಗೆ ಹೋದವಳು ಕಾಲು ಜಾರಿ ಬಿದ್ದಳಂತೆ. ಆ ತಿಂಗಳಲ್ಲಿ ಅಲ್ಲಿ ಹೊಳೆ ಮಂಡಿಯಷ್ಟು ಇರುತ್ತದೆ. ಗುಂಡಿ ಇತ್ತು ಅಂದರು ಅವರ ಮನೆಯವರು. ಇರಬಹುದು. ಕೇಳುವವರು ಯಾರಿದ್ದರು?

ಅವಳ ಅಮ್ಮ ಬಹಳ ಕಾಲ ಬರಲಿಲ್ಲ. ಒಂದು ದಿನ ಬಂದಳು. ಈ ಸಲ ಹಿಂದಿನ ಓಣಿಯಿಂದಲ್ಲ. ಮುಂದಿನಿಂದಲೇ ಬಂದು, ಶೋಕೇಸಿನ ಮುಂದೆ ನಿಂತು, ಒಳಗೆ ಏನಿದೆ ಎಂದು ನೋಡಿ, ಆಮೇಲೆ ಒಳಗೆ ಬಂದಳಂತೆ. ನಮ್ಮವರು ಊಟದ ಹೊತ್ತಿಗೂ ಕಾಯದೆ ಮನೆಗೆ ಓಡಿಬಂದರು. ನಾನು ಚೀಲ ಹುಡುಕುತ್ತಿದ್ದೆ.

“ಚೀಲ ಬ್ಯಾಡ,” ಅಂದರು ಅತ್ತೆ. “ಅದನ್ನ ಇಲ್ಲಿಗೇ ಕರ್ಕಂಡು ಬಾ. ಮನೆಗೆ.”

ತಾವು ಹಾಕಿದ್ದ ರೂಲನ್ನು ಅವರು ಮುರಿದದ್ದು ಅದೊಂದೇ ಸಲ. ಅವಳು ಬಂದು ಜಗುಲಿಯ ಅಂಚಿನಲ್ಲಿ ನಿಂತಳು. ಅತ್ತೆ ಕೈ ಹಿಡಿದು ಒಳಗೆ, ಬಚ್ಚಲ ಮನೆಯ ತನಕ, ಕರೆದುಕೊಂಡು ಹೋಗಿ ಅಟ್ಟ ತೋರಿಸಿದರು. “ಇಷ್ಟು ದಿನ ನಿನ್ನ ಮಗಳು ಇಲ್ಲಿದ್ಲು ನೋಡು. ಬೆಚ್ಚಗಿದ್ಲು.” ಡಬ್ಬಿ ಇಳಿಸಿ ಕವರನ್ನು ಅವಳ ಕೈಗೆ ಕೊಟ್ಟರು. “ಇನ್ನು ತಗಂಡು ಹೋಗು. ಇನ್ನು ಯಾರೂ ಕಸಿಯಲ್ಲ.”

ಅವಳು ಪ್ರಿಂಟನ್ನು ತೆಗೆದು ನೋಡಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕವರಿನೊಳಗೆ ಇನ್ನೊಂದು ಇರುವುದು ಕೈಗೆ ತಾಗಿ, ಅದನ್ನೂ ಎಳೆದಳು. ನೆಗೆಟಿವ್‌ ಅನ್ನು ಅವಳು ಯಾವತ್ತೂ ನೋಡಿರಲಿಲ್ಲ. ಏನಿದು ಎಂದು ಹಿತ್ತಲ ಬಾಗಿಲ ಬೆಳಕಿಗೆ ಹಿಡಿದಳು. ಕಪ್ಪು ಮುಖ, ಬಿಳಿ ತುಟಿ. ತಲೆಗೂದಲು ಪೂರ್ತಿ ಬೆಳ್ಳಗೆ.

ನಾನು ವಿವರಿಸಲು ಬಾಯಿ ತೆರೆದೆ, ಅತ್ತೆ ನನ್ನ ಕೈ ಅದುಮಿದರು.

“ಕೂದ್ಲೆಲ್ಲ ಬೆಳ್ಳಗಾಗಿದೆ,” ಅಂದಳು. “ನನ್ ಮಗಳು ಮುದ್ಕಿ ಆಗಿದ್ರೆ ಹಿಂಗೇ ಇರ್ತಿದ್ಲು, ಅಲ್ವಾ ಅಮ್ಮಾ?”

ಪ್ರಿಂಟನ್ನು ಅತ್ತೆಯ ಕೈಗೆ ವಾಪಸು ಕೊಟ್ಟಳು. ಅದು ಬೇಡ ಅಂದಳು. ನೆಗೆಟಿವ್‌ ಅನ್ನು ಸೆರಗಿನ ತುದಿಯಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಸನಗರದ ಬಸ್ಸಿಗೆ ಹೋದಳು. ಅತ್ತೆ ಪ್ರಿಂಟನ್ನು ಒಲೆಗೆ ಹಾಕಿದರು. ಖಾಲಿ ಕವರನ್ನು ಮಾತ್ರ ಡಬ್ಬಿಯಲ್ಲಿ ಅದರ ಜಾಗದಲ್ಲೇ ಇಟ್ಟರು.